ಸರ್ಪಗಂಧದ ಪುಡಿ ಹಿಡಿದ ಕಾಕಾ

ಚಂದಾಪುರದ ನಮ್ಮ ಕಾಕಾ ಬಿ.ಪಿ. ಗುಳಿಗಿ ಬಿಟ್ಟು, ಯಾರೋ ಕೊಟ್ಟ ಸರ್ಪಗಂಧದ ಬೇರಿನ ಪುಡಿ ಹಿಡಿದರು. ಬಿ.ಪಿ. ಇಳಿಯಿತು ಖರೆ. ಆದರೆ ಮೂಗು ಕಟ್ಟಿತು, ರಾತ್ರಿ ಕೆಟ್ಟ ಕನಸು. ಎರಡು ತಿಂಗಳಲ್ಲಿ ಮಾತೇ ಕಮ್ಮಿ. ತೊಗರಿಗೆ ಕೀಡಿ ಬಿದ್ದರೂ ಹೊಲದ ಕಡೆ ಹೊರಳಿ ನೋಡಲಿಲ್ಲ. ‘ಇದ್ದು ಏನ್ ಮಾಡೋದದ?’ ಅಂದ ದಿನ ಹೆದರಿ ಡಾಕ್ಟರ ಬಳಿ ಕರೆದೊಯ್ದೆ.

ಬೇರು ಸುಳ್ಳಲ್ಲ. ಮುಂಬಯಿಯ ಡಾ. ರುಸ್ತುಂ ವಕೀಲರು 1949ರಲ್ಲೇ ಅದರ ಗುಣ ಬರೆದಿದ್ದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಅದು ಮಿದುಳಿನ ಸಿರೊಟೋನಿನ್, ಡೋಪಮಿನ್ ದಾಸ್ತಾನು ಬರಿದು ಮಾಡುತ್ತದೆ. ಕೆಲವರ ಮನಸ್ಸು ಕುಗ್ಗುತ್ತದೆ. ಗುಳಿಗಿಯಲ್ಲಾದರೆ ಪ್ರಮಾಣ ಗೊತ್ತು. ಪುಡಿಯಲ್ಲಿ ಎಷ್ಟಿತ್ತೋ, ಯಾರು ತೂಗಿದ್ದರು?

ಡಾಕ್ಟರು ಪುಡಿ ಬಿಡಿಸಿ ಬೇರೆ ಗುಳಿಗಿ ಕೊಟ್ಟರು. ಸುಧಾರಿಸಲು ವಾರಗಳೇ ಹಿಡಿದವು. ಈ ಸಲ ರಾಶಿಯ ಹೊತ್ತಿಗೆ ಕಾಕಾ ಕಣದಾಗ ನಿಂತು ನನ್ನ ಮೇಲೇ ಒದರುತ್ತಿದ್ದರು.