ಲ್ಯಾಪ್‌ಟಾಪಿಗೆ ಕಾಣದ ಎರಡನೆಯ ಹೆಸರು

ಪ್ರತಿ ಭಾನುವಾರ ಸಂಜೆ ಏಳಕ್ಕೆ ಟೊರಾಂಟೊದಲ್ಲಿರುವ ಆರು ವರ್ಷದ ಮೊಮ್ಮಗಳಿಗೆ ನಾನು ಕಾಗುಣಿತ ಹೇಳಿಕೊಡುತ್ತೇನೆ. ಅಲ್ಲಿ ಆಗ ಬೆಳಗು. ‘ಕ, ಕಾ, ಕಿ, ಕೀ’ವರೆಗೆ ಸರಿ, ‘ಕು’ ಅನ್ನುವಷ್ಟರಲ್ಲಿ ಅವಳು ತುಟಿ ಚೂಪು ಮಾಡಿದಂತೆಯೇ ಪರದೆಯ ಮೇಲೆ ನಿಂತುಬಿಡುತ್ತಾಳೆ. ಹೊಸ ಡ್ಯುಯಲ್ ಬ್ಯಾಂಡ್ ರೌಟರ್ ಹಾಕಿಸಿದ ಮೇಲೂ ಇದೇ ಕಥೆ. “ಲ್ಯಾಪ್‌ಟಾಪ್ ಹಳೆಯದಾಯಿತು, ಹೊಸದು ತಗೊಳ್ಳಿ ಅಮ್ಮಾ” ಎಂದರು ಅಂಗಡಿಯವರು. ಪಿಂಚಣಿ ನೆನಪಾಗಿ ಸುಮ್ಮನೆ ಬಂದೆ.

ಏಳನೇ ತರಗತಿಯ ಮೊಮ್ಮಗ ಸುಮ್ಮನಿರಲಿಲ್ಲ. “ಅಜ್ಜಿ, ಅದಕ್ಕೆ ಎರಡೂ ಬ್ಯಾಂಡ್ ಸಿಗುತ್ತಾ ಅಂತ ಮೊದಲು ನೋಡೋಣ” ಎಂದ.

ಇಂಥ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ರೇಡಿಯೊ ಅಲೆ ಕಳಿಸುತ್ತದೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಸಂತೆಯ ಗದ್ದಲ: ಅಕ್ಕಪಕ್ಕದ ಮನೆಗಳ ವೈ-ಫೈ, ಬ್ಲೂಟೂತ್, ಸಾಲದ್ದಕ್ಕೆ ಮೈಕ್ರೋವೇವ್ ಒಲೆ. ಒಲೆಯೂ ಕೆಲಸ ಮಾಡುವುದು 2.45ರ ಆಸುಪಾಸಿನಲ್ಲೇ. ಸೊಸೆ ಸಾರು ಬಿಸಿಗಿಟ್ಟಾಗಲೆಲ್ಲ ನನ್ನ ಪಾಠ ಯಾಕೆ ಕೆಡುತ್ತಿತ್ತೆಂದು ಆಗ ಹೊಳೆಯಿತು! (ಸಾರನ್ನು ಒಲೆಯ ಮೇಲೇ ಬಿಸಿ ಮಾಡಬೇಕೆಂಬ ನನ್ನ ವಾದಕ್ಕೆ ಇನ್ನೊಂದು ಕಾರಣ ಸಿಕ್ಕಿತು.) 5ರಲ್ಲಿ ಗದ್ದಲ ಕಡಿಮೆ, ವೇಗ ಹೆಚ್ಚು, ಗೋಡೆ ಅಡ್ಡ ಬಂದರೆ ಮಾತ್ರ ಬೇಗ ಸೊರಗುತ್ತದೆ.

ನಮ್ಮ ರೌಟರಿಗೆ ಎರಡು ಹೆಸರು ಕೊಟ್ಟಿದ್ದಾರೆ. ಮೊಮ್ಮಗನ ಅಪ್ಪನ ಫೋನಿನಲ್ಲಿ ಎರಡೂ ಕಂಡವು, ಲ್ಯಾಪ್‌ಟಾಪಿನಲ್ಲಿ ಒಂದೇ. ಅನುಮಾನ ಅಲ್ಲೇ ಶುರು. ಕೆಲವು ಮನೆಗಳಲ್ಲಿ ಎರಡಕ್ಕೂ ಒಂದೇ ಹೆಸರಿರುತ್ತದೆ, ಅಲ್ಲಿ ಹೀಗೆ ತಿಳಿಯದು.

ವಿಂಡೋಸ್‌ನ ಹುಡುಕುವ ಜಾಗದಲ್ಲಿ ಸಿ-ಎಂ-ಡಿ ಎಂದು ಒತ್ತಿಸಿದ. ಕಪ್ಪು ಕಿಟಕಿ ತೆರೆಯಿತು. ಆಮೇಲೆ ನನಗೇ ಉಕ್ತಲೇಖನ! ಎನ್-ಇ-ಟಿ-ಎಸ್-ಎಚ್, ಜಾಗ ಬಿಡು, ಡಬ್ಲ್ಯೂ-ಎಲ್-ಎ-ಎನ್, ಜಾಗ ಬಿಡು, ಶೋ, ಜಾಗ ಬಿಡು, ಡ್ರೈವರ್ಸ್. ಎಂಟರ್ ಒತ್ತಿದರೆ ಉದ್ದದ ಪಟ್ಟಿ ಬಂತು. ನೋಡಬೇಕಾದದ್ದು ‘ರೇಡಿಯೊ ಟೈಪ್ಸ್ ಸಪೋರ್ಟೆಡ್’ ಎಂಬ ಸಾಲು. 802.11ರ ಮುಂದೆ ‘ಎ’ ಅಥವಾ ‘ಎಸಿ’ ಇದ್ದರೆ 5 ಸಿಗುತ್ತದೆ. ನಮ್ಮದರಲ್ಲಿ ಇದ್ದದ್ದು ಬಿ, ಜಿ, ಎನ್. ಬಿ, ಜಿ ಎರಡೂ 2.4ರವು. ‘ಎನ್’ ಎರಡು ಕಡೆಯೂ ಸಲ್ಲುವಂಥದ್ದು, ಅದೊಂದನ್ನೇ ನಂಬುವಂತಿಲ್ಲ. ಅದಕ್ಕೇ ಡಿವೈಸ್ ಮ್ಯಾನೇಜರಿನ ‘ನೆಟ್‌ವರ್ಕ್ ಅಡಾಪ್ಟರ್ಸ್’ನಲ್ಲಿ ಅಡಾಪ್ಟರಿನ ಹೆಸರು ಬರೆದುಕೊಂಡು, ತಯಾರಕರು ಕೊಟ್ಟ ವಿವರ ಓದಿದೆವು. 2.4 ಮಾತ್ರ ಎಂದಿತ್ತು.

ಕೊಂಡದ್ದು ಹೊಸ ಲ್ಯಾಪ್‌ಟಾಪ್ ಅಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಬೆರಳುದ್ದದ ಡ್ಯುಯಲ್ ಬ್ಯಾಂಡ್ ಅಡಾಪ್ಟರ್. ಡಬ್ಬಿಯ ಮೇಲೆ 5 ಗಿಗಾಹರ್ಟ್ಸ್ ಎಂದು ಬರೆದಿದೆಯೇ ಎಂದು ಮೊಮ್ಮಗ ಎರಡು ಸಲ ಓದಿದ. ನಾನೂ ಅಡುಗೆಮನೆ ಬಿಟ್ಟು, ರೌಟರ್ ಇರುವ ನಡುಮನೆಗೆ ಪಾಠ ಬದಲಾಯಿಸಿದೆ.

ಕಳೆದ ಭಾನುವಾರ ‘ಕಃ’ವರೆಗೂ ಒಂದೇ ಉಸಿರಿಗೆ ಹೇಳಿ, ಬಿದ್ದುಹೋದ ಮುಂದಿನ ಹಲ್ಲಿನ ಜಾಗವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದಳು.