ಶೇಂಗಾ ಬೇರಿನ ಕೆಂಪು ಗಂಟು

ಬಿತ್ತಿ ತಿಂಗಳಾದ ಶೇಂಗಾ ಗಿಡವನ್ನು ಎಳೆದು ಕಿತ್ತರೆ ನೋಡಬೇಕಾದದ್ದು ಮಣ್ಣಲ್ಲೇ ಉಳಿಯುತ್ತದೆ. ಹೆಂಟೆ ಸಮೇತ ಅಗೆದು, ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರು ಕವಲೊಡೆದಲ್ಲೆಲ್ಲ ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆಲ್ಲ ನಸುಗೆಂಪು.

ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ದು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಬಂಧು. ಗಂಟಿನೊಳಗೆ ಮನೆ ಮಾಡಿದ ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತವೆ. ಆ ಕೆಲಸ ಮಾಡುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ; ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟಿನಲ್ಲಿ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟು, ಅಳೆದೂ ಸುರಿದೂ ಕೊಡುತ್ತದೆ.

ಕಡಲೆ ಗಿಡದಲ್ಲಿ ಬ್ಯಾಕ್ಟೀರಿಯಾ ಬೇರುಗೂದಲಿನ ಮೂಲಕ ಒಳಹೋಗುತ್ತದೆ. ಶೇಂಗಾದಲ್ಲಿ ಹಾಗಲ್ಲ, ಕವಲು ಬೇರು ಹೊರಡುವಾಗ ಬಿಡುವ ಬಿರುಕಿನಲ್ಲಿ ನುಸುಳುತ್ತದೆ. ಗಂಟುಗಳೆಲ್ಲ ಕವಲಿನ ಬುಡದಲ್ಲೇ ಇರುವುದು ಅದಕ್ಕೇ.

ಗಂಟಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದವರು ಡಚ್ ವಿಜ್ಞಾನಿ ಬೈಯೆರಿಂಕ್, 1888ರಲ್ಲಿ. ಬೇರಿಗೆ ಅಂಟಿದ ಮಣ್ಣಿಗೆ ‘ರೈಜೋಸ್ಫಿಯರ್’ ಎಂದು ಹೆಸರಿಟ್ಟದ್ದು ಜರ್ಮನಿಯ ಹಿಲ್ಟ್‌ನರ್, 1904ರಲ್ಲಿ. ಬೇರು ಸ್ರವಿಸುವ ಸಕ್ಕರೆ, ಆಮ್ಲಗಳಿಗಾಗಿ ಅಲ್ಲಿ ಬ್ಯಾಕ್ಟೀರಿಯಾಗಳು ಮುಗಿಬೀಳುತ್ತವೆ.

ಸಾರಜನಕದ ಒಂದು ಅಣು ಒಡೆಯಲು ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಕನಿಷ್ಠ 16 ಖರ್ಚು. ಅದನ್ನು ಭರಿಸುವುದು ಗಿಡದ ಸಕ್ಕರೆ. ಹಾಗಾಗಿ ಹೊಲಕ್ಕೆ ಯೂರಿಯಾ ಜಾಸ್ತಿಯಾದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಊಟ ಮನೆ ಬಾಗಿಲಿಗೇ ಬಂದರೆ ಒಲೆ ಹಚ್ಚುವವರಾರು?

ಗಂಟಿನ ಬ್ಯಾಕ್ಟೀರಿಯಾ ತುಂಬಿದ ರೈಜೋಬಿಯಂ ಪೊಟ್ಟಣವನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರುವ ಬೀಜೋಪಚಾರ ಒಳ್ಳೆಯದೇ. ಆದರೆ ಅದನ್ನು ಎಲ್ಲ ಹೊಲಕ್ಕೂ ಸಂಜೀವಿನಿ ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ. ವರ್ಷವರ್ಷವೂ ಶೇಂಗಾ ಕಂಡ ಮಣ್ಣಿನಲ್ಲಿ ಬೇರೂರಿದ ಸ್ಥಳೀಯ ತಳಿಗಳು ಹೊಸಬರಿಗೆ ಸುಲಭವಾಗಿ ಜಾಗ ಬಿಡುವುದಿಲ್ಲ. ಅವುಗಳಲ್ಲಿ ಸಾರಜನಕ ಸರಿಯಾಗಿ ಕೊಡದ ಸೋಮಾರಿಗಳೂ ಇರುತ್ತವೆ. ಶೇಂಗಾ ಮೊದಲ ಸಲ ಕಾಣುವ ಹೊಲದಲ್ಲಿ ಪೊಟ್ಟಣದ ಫಲ ಹೆಚ್ಚು. ಅದೂ ಅಂಗಡಿಯ ಬಿಸಿಲಿಗೆ ಒಣಗದೆ, ಅವಧಿ ಮೀರದೆ ಇದ್ದರೆ.

ಗಂಟಿನ ಒಳಗು ಬಿಳಿಯಾಗಿದ್ದರೆ ಸಾರಜನಕ ಇನ್ನೂ ತಯಾರಾಗುತ್ತಿಲ್ಲ. ಹಸಿರಿಗೆ ತಿರುಗಿದ್ದರೆ ಅದರ ಆಯುಷ್ಯ ಮುಗಿದಿದೆ. ಬೆರಳಲ್ಲಿ ಒತ್ತಿದರೆ ಉದುರದೆ ಬೇರೇ ಊದಿಕೊಂಡಂತಿದ್ದರೆ ಬಹುಶಃ ಅದು ಮಣ್ಣಿನ ಜಂತುಹುಳುವಿನ ಕಾಟ. ಅದಕ್ಕೆ ಬೇರೆಯದೇ ಉಪಚಾರ ಬೇಕು.