ಎರಡು ಡ್ರಮ್, ಹತ್ತು ಕೊಡ, ಹತ್ತು ದಿನ

ಕೌಲ್ ಬಜಾರಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನೀರಿನ ಮಿತಬಳಕೆ ಕುರಿತು ಬೋಧನಾಭ್ಯಾಸದ ಪಾಠ ಮಾಡಿದೆ. ಹಲ್ಲುಜ್ಜುವಾಗ ನಳ ಬಂದ್ ಮಾಡಬೇಕೆಂಬ ಚಾರ್ಟ್ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿ, "ಮಿಸ್, ನಮ್ಮನಿಗೆ ನಳ ಬರೋದೇ ಹತ್ತು ದಿನಕ್ಕೊಮ್ಮೆ" ಅಂದಳು. ತರಗತಿಯೆಲ್ಲ ನಕ್ಕಿತು. ಚಾರ್ಟ್ ಸುತ್ತಿಟ್ಟೆ.

ಬಳ್ಳಾರಿ ಕುಡಿಯುವುದು ತುಂಗಭದ್ರಾ ಕಾಲುವೆಯ ನೀರು. ಕಾಲುವೆ ಹರಿಯುವಾಗ ಅಲ್ಲೀಪುರ ಕೆರೆ ತುಂಬಿಸಿಕೊಂಡು, ನಿಂತ ಮೇಲೆ ಅದನ್ನೇ ಹಂಚಬೇಕು. 2023ರಂತೆ ಮಳೆ ಕೈಕೊಟ್ಟು ಜಲಾಶಯ ತುಂಬದ ವರ್ಷ ಹಂಚುವ ನೀರೇ ಕಡಿಮೆ. ಆಗ ಮನೆಯವರ ಕೈಯಲ್ಲಿ ಉಳಿಯುವುದು ಕೂಡಿಟ್ಟ ನೀರಿನ ಲೆಕ್ಕ.

ಮರುದಿನ ಆ ಲೆಕ್ಕವನ್ನೇ ಪಾಠ ಮಾಡಿದೆ. ಡ್ರಮ್ಮಿನ ತ್ರಿಜ್ಯ 28 ಸೆಂ.ಮೀ., ಎತ್ತರ 84 ಸೆಂ.ಮೀ. ಸಿಲಿಂಡರಿನ ಘನಫಲದ ಸೂತ್ರಕ್ಕೆ ಹಾಕಿದರೆ 2,06,976 ಘನ ಸೆಂ.ಮೀ., ಅಂದರೆ ಸುಮಾರು 207 ಲೀಟರ್. ಬಾಯಿವರೆಗೆ ತುಂಬಿಸುವುದಿಲ್ಲವೆಂದು 200 ಹಿಡಿದೆವು. ಎರಡು ಡ್ರಮ್, 15 ಲೀಟರಿನ ಹತ್ತು ಕೊಡ: ಒಟ್ಟು 550 ಲೀಟರ್. ಐದು ಜನರಿಗೆ ಹತ್ತು ದಿನ ಬರಬೇಕಾದರೆ ತಲೆಗೆ ದಿನಕ್ಕೆ 11 ಲೀಟರ್. ವಿಪತ್ತಿನ ಪರಿಹಾರ ಶಿಬಿರಗಳಿಗೆ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡ ಹೇಳುವ ಕನಿಷ್ಠವೇ 15 ಲೀಟರ್! ಯಾರೂ ನಗಲಿಲ್ಲ. ಇಂಥ ಮನೆಗೆ "ನೀರು ಉಳಿಸಿ" ಎನ್ನುವುದು ನನಗೇ ಮುಜುಗರವಾಯಿತು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆಯ ಮೊದಲ ಜಾಲು, ಬಟ್ಟೆ ಜಾಲಿಸಿದ್ದು ಪಾಯಿಖಾನೆಗೆ ಎಂಬುದನ್ನು ಮಕ್ಕಳೇ ನನಗೆ ಹೇಳಿಕೊಟ್ಟರು.

ಅವರಿಗೆ ಗೊತ್ತಿಲ್ಲದ್ದು ಬೇರೆ ಇತ್ತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೂಡಿಟ್ಟ ನೀರಿನಲ್ಲೇ ಬೆಳೆಯುತ್ತದೆ. ನಮ್ಮ ಸೆಕೆಗೆ ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ನಳದ ಸರದಿಯೂ ಅಷ್ಟೇ! ಮೊಟ್ಟೆಗಳು ನೀರಿನ ಮಟ್ಟದ ತುಸು ಮೇಲೆ ಡ್ರಮ್ಮಿನ ಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಹಾಗಾಗಿ ಡ್ರಮ್ ಖಾಲಿಯಾದರೆ ಸಾಲದು, ಒಳಗೋಡೆಯನ್ನು ಬ್ರಶ್ಶಿನಿಂದ ತಿಕ್ಕಬೇಕು. ಎರಡೂ ಡ್ರಮ್ಮಿನಿಂದ ಸ್ವಲ್ಪ ಸ್ವಲ್ಪ ತೆಗೆಯದೆ ಒಂದನ್ನು ಪೂರ್ತಿ ಮುಗಿಸಿ, ತಿಕ್ಕಿ, ಬೋರಲು ಹಾಕಿ ಇನ್ನೊಂದನ್ನು ತೆರೆಯಬೇಕು. ಅಲ್ಲಿಯವರೆಗೆ ಅದರ ಬಾಯಿಗೆ ದಪ್ಪ ಬಟ್ಟೆ ಬಿಗಿಯಾಗಿ ಕಟ್ಟಿರಬೇಕು.

"ತಿಕ್ಕಾಕೂ ನೀರು ಬೇಕಲ್ಲ ಮಿಸ್?" ಎಂದು ಅದೇ ಹುಡುಗಿ ಕೇಳಿದಳು. ತಳದಲ್ಲಿ ಉಳಿದ ಎರಡು ಚೊಂಬು ನೀರಲ್ಲೇ ತಿಕ್ಕಿ ಮಣ್ಣಿಗೆ ಚೆಲ್ಲಬಹುದು, ಗಟಾರಕ್ಕೆ ಬೇಡ ಎಂದೆ. ಅವಧಿ ಹನ್ನೆರಡು ನಿಮಿಷ ಮೀರಿತ್ತು, ಮಾರ್ಗದರ್ಶಕರು ಅದನ್ನೂ ಬರೆದುಕೊಂಡರು. ಈ ಪಾಠ ಮಾಡುವವರು ಎರಡು ಅವಧಿ ಇಟ್ಟುಕೊಳ್ಳಿ, ಅಳತೆಯ ಟೇಪ್ ಮರೆಯಬೇಡಿ. ನಾನು ಮರೆತು ದಾರದಲ್ಲಿ ಅಳೆಸಿದ್ದೆ.